ಹಳೆ ಬೀಗದ ಕೊನೆಯ ದಿನ

ಆಫೀಸಿನಲ್ಲಿ ನನಗೆ ‘ಇಲ್ಲ ಮೇಡಂ’ ಅಂತ ಅಡ್ಡಹೆಸರಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಹುಬ್ಬಳ್ಳಿಯ ಮನೆ-ಆಸ್ಪತ್ರೆ ಜಾಲದ ನಿಯಂತ್ರಣ ಕೇಂದ್ರದಲ್ಲಿ ವಿನಾಯಿತಿ ಕೊಡುವ ಕುರ್ಚಿಯಲ್ಲಿ ಕೂತವಳು ನಾನು, ಶೈಲಜಾ ಹಂಚಿನಮನಿ. ಹನ್ನೊಂದು ವರ್ಷದಲ್ಲಿ ಒಂದು ವಿನಾಯಿತಿಯನ್ನೂ ಕೊಟ್ಟಿರಲಿಲ್ಲ. ಯಾರೇ ಬರಲಿ, ಎಷ್ಟೇ ಅಳಲಿ, ನನ್ನ ಉತ್ತರ ಒಂದೇ.

ಮನೆ-ಆಸ್ಪತ್ರೆ ಅಂದರೆ ಗೊತ್ತಲ್ಲ, ಈಗ ಯಾರೂ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದುಕೊಂಡಿರುವುದಿಲ್ಲ. ಉಸಿರಿನ ಯಂತ್ರ, ರಕ್ತ ಶುದ್ಧಿಯ ಯಂತ್ರ, ಎದೆಬಡಿತ ಕಾಯುವ ಯಂತ್ರ ಎಲ್ಲವೂ ಮನೆಯ ಮಂಚದ ಪಕ್ಕಕ್ಕೇ ಬಂದಿವೆ. ನಮ್ಮ ವಲಯದಲ್ಲಿ ಅಂಥ ನಲವತ್ತು ಸಾವಿರ ಮಂಚ. ಯಾವ ರೋಗಿಗೆ ಎಷ್ಟು ಗಾಳಿ, ಎಷ್ಟು ಔಷಧ ಅನ್ನುವ ಅಪ್ಪಣೆ ನಮ್ಮ ಕೇಂದ್ರದಿಂದ ಹೋಗುತ್ತದೆ. ಆ ಅಪ್ಪಣೆಗೆ ನಾವು ಬೀಗ ಹಾಕಿ ಕಳಿಸುತ್ತೇವೆ. ದಾರಿಯಲ್ಲಿ ಯಾರಾದರೂ ಅದನ್ನು ತಿದ್ದಿದರೆ ಹೆಣ ಬೀಳುತ್ತದೆ, ಅದಕ್ಕೇ ಬೀಗ.

ಜಾಲದ ಬೀಗಗಳಿಗೂ ವಯಸ್ಸಾಗುತ್ತದೆ. ಮೊದಮೊದಲು ಬೀಗವೇ ಇರಲಿಲ್ಲ, ಸಂದೇಶವನ್ನು ಪೋಸ್ಟ್ ಕಾರ್ಡಿನ ಹಾಗೆ ಯಾರು ಬೇಕಾದರೂ ಓದಬಹುದಿತ್ತು. ಆಮೇಲೆ ಗಣಿತದ ಬೀಗ ಬಂತು. ಎರಡು ಭಾರಿ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಿಸಿ ಬಂದದ್ದನ್ನು ಒಡೆದು ಮೂಲದ ಆ ಎರಡನ್ನು ಹುಡುಕುವುದು ಮಾತ್ರ ಜನ್ಮ ಜನ್ಮಾಂತರದ ಕೆಲಸ. ಆ ಕಷ್ಟದ ಮೇಲೇ ಇಡೀ ಲೋಕ ನೆಮ್ಮದಿಯಿಂದ ಮಲಗಿತ್ತು. ಕ್ವಾಂಟಂ ಯಂತ್ರ ದೊಡ್ಡದಾಗಿ ಬೆಳೆದ ವರ್ಷ ಆ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು. ಕಳ್ಳರು ಬುದ್ಧಿವಂತರು, ಇಪ್ಪತ್ತು ವರ್ಷದಿಂದ ಬೀಗ ಹಾಕಿದ ಮಾತುಗಳನ್ನು ಹಾಗೆಯೇ ಕದ್ದು ಗುಡ್ಡೆ ಹಾಕಿಟ್ಟುಕೊಂಡಿದ್ದರು. ಈಗ ಕೂತು ಒಂದೊಂದಾಗಿ ತೆಗೆಯುತ್ತಿದ್ದಾರೆ.

ಹಾಗಾಗಿ ಹೊಸ ಬೀಗ. ಸಾವಿರ ದಿಕ್ಕುಗಳಿರುವ ಬಯಲಿನಲ್ಲಿ ಒಂದು ಚುಕ್ಕೆ ಬಚ್ಚಿಟ್ಟ ಲೆಕ್ಕ ಅದು, ಕ್ವಾಂಟಂ ಯಂತ್ರಕ್ಕೂ ಸಿಗುವುದಿಲ್ಲ. ತೊಂದರೆ ಅಂದರೆ ಅದರ ಕೀಲಿ ತುಂಬಾ ದೊಡ್ಡದು, ಹಳೆಯ ಯಂತ್ರಗಳ ಪುಟ್ಟ ತಲೆಯಲ್ಲಿ ಹಿಡಿಸುವುದಿಲ್ಲ. ಅಂಥವನ್ನು ಬಿಟ್ಟುಬಿಡಿ, ಪಾಪ, ಇನ್ನೊಂದಿಷ್ಟು ದಿನ ಹಳೆ ಬೀಗದಲ್ಲೇ ನಡೆಯಲಿ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಮಾತು ಶುರುವಾಗುವಾಗ ಎರಡು ಯಂತ್ರಗಳು ‘ನಿನಗೆ ಯಾವ ಬೀಗ ಗೊತ್ತು’ ಅಂತ ಒಂದನ್ನೊಂದು ಕೇಳಿಕೊಳ್ಳುತ್ತವೆ. ಕಳ್ಳ ನಡುವೆ ಕೂತು ‘ನನಗೆ ಹಳೆಯದು ಮಾತ್ರ ಗೊತ್ತು’ ಅಂದರೆ ಸಾಕು, ಹಳೆಯದಕ್ಕೆ ಒಪ್ಪಿಗೆ ಇರುವ ಕೇಂದ್ರ ತಾನೂ ಕೆಳಗಿಳಿದು ಅದನ್ನೇ ಹಾಕುತ್ತದೆ. ಹಿಂದಿನ ವರ್ಷ ಬೇರೊಂದು ರಾಜ್ಯದ ಕೇಂದ್ರವೊಂದರಲ್ಲಿ ಅಂಥ ಒಂದೇ ವಿನಾಯಿತಿಯ ಸಂದಿಯಿಂದ ಯಾರೋ ಒಳಗೆ ನುಗ್ಗಿ ಇನ್ನೂರ ಹನ್ನೆರಡು ಉಸಿರಿನ ಯಂತ್ರ ನಿಲ್ಲಿಸಿದ್ದರು. ಆ ಹೆಸರುಗಳ ಪಟ್ಟಿ ನನ್ನ ಮೇಜಿನ ಗಾಜಿನ ಕೆಳಗಿತ್ತು.

ನಮ್ಮಲ್ಲಿ ಹಳೆ ಬೀಗಕ್ಕೆ ಕೊನೆ ಅಂತ ಗೊತ್ತು ಮಾಡಿದ್ದು ಒಂದು ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಹಳೆ ಯಂತ್ರಗಳು ಮೂವತ್ತೊಂದು ಉಳಿದಿದ್ದವು. ಮೂವತ್ತು ರೋಗಿಗಳಿಗೆ ಹೊಸ ಯಂತ್ರವೋ ಆಸ್ಪತ್ರೆಯ ಮಂಚವೋ ಸಿಕ್ಕಿತು. ಅಲ್ಲಿಗೆ ಹೊಸ ಯಂತ್ರವೂ ಖಾಲಿ ಮಂಚವೂ ಮುಗಿದವು. ಮೂವತ್ತೊಂದನೆಯದಕ್ಕೆ ಹೊಸ ಯಂತ್ರ ಬರುವುದಕ್ಕೆ ಇನ್ನೂ ಒಂಬತ್ತು ದಿನ ಬೇಕಿತ್ತು. ಅದು ನಮ್ಮ ಮನೆಯದು.

ನಮ್ಮ ಮನೆಯವರು ಮಗ್ಗದ ಮೇಸ್ತ್ರಿಯಾಗಿದ್ದರು. ಹತ್ತಿಯ ಧೂಳು ಎದೆಗೆ ಇಳಿದು ಹದಿನಾಲ್ಕು ವರ್ಷದ ಹಿಂದೆ ಉಸಿರಿನ ಯಂತ್ರ ಬಂತು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಮಾತೂ ಹೋಯಿತು, ಬರವಣಿಗೆಯೂ ಹೋಯಿತು. ಎಲ್ಲ ತಿಳಿಯುತ್ತದೆ, ನಗುತ್ತಾರೆ, ಸಿಟ್ಟಾಗುತ್ತಾರೆ, ಶಬ್ದ ಮಾತ್ರ ಸಿಗುವುದಿಲ್ಲ. ಎಡಗೈಯೊಂದು ಆಡುತ್ತದೆ. ಅವರ ಹೆಸರು ನಾನು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದು ಅನ್ನುವುದು ಅತ್ತೆಯ ಕಾಲದ ಪದ್ಧತಿ, ನಾನು ಅದನ್ನೆಲ್ಲ ನಂಬುವವಳಲ್ಲ, ಆದರೂ ನಾಲಿಗೆ ತಿರುಗುವುದಿಲ್ಲ.

ಅವರ ಯಂತ್ರ ಆರು ತಾಸಿಗೊಮ್ಮೆ ಕೇಂದ್ರದ ಕಡೆ ನೋಡುತ್ತದೆ. ‘ನಡೆಸು’ ಅಂತ ಅಪ್ಪಣೆ ಬಂದರೆ ನಡೆಯುತ್ತದೆ. ಬರದಿದ್ದರೆ ಅರ್ಧ ತಾಸು ಕೂಗುತ್ತದೆ, ಆಮೇಲೆ ನಿಲ್ಲುತ್ತದೆ. ಅಪ್ಪಣೆಯನ್ನು ಮುಂಚೆಯೇ ಕಳಿಸಿಡೋಣ ಅಂದರೆ ತೆಗೆದುಕೊಳ್ಳುವುದಿಲ್ಲ. ಕಳ್ಳರ ಕೈಗೆ ಸಿಕ್ಕ ಯಂತ್ರ ನಡೆಯಬಾರದು ಅಂತ ಕಂಪನಿಯವರು ಹಾಗೆ ಮಾಡಿಟ್ಟಿದ್ದರು. ಆ ಕಂಪನಿ ಮುಚ್ಚಿ ಎಂಟು ವರ್ಷವಾಯಿತು. ಸೋಮವಾರ ಬೆಳಗ್ಗೆ ಆರಕ್ಕೆ ಬಂದ ಅಪ್ಪಣೆಯೇ ಕೊನೆಯದು, ಮಧ್ಯಾಹ್ನ ಹನ್ನೆರಡರದ್ದು ಬರುವುದಿಲ್ಲ.

ಒಂದು ದಾರಿ ಇತ್ತು. ಯಂತ್ರವನ್ನು ಜಾಲದಿಂದ ಬಿಡಿಸಿ ‘ಕೈನಡೆ’ಗೆ ಹಾಕಬಹುದು, ಆಗ ಅದು ಯಾರ ಅಪ್ಪಣೆಯೂ ಇಲ್ಲದೆ ನಡೆಯುತ್ತದೆ. ಅದಕ್ಕೆ ಒಂದು ಗುಟ್ಟಿನ ಮಾತು ಬಾಯಿಂದ ಹೇಳಬೇಕು. ಯಾರ ದನಿಯಾದರೂ ಸರಿ, ಮಾತು ಅದೇ ಆಗಿರಬೇಕು. ಯಂತ್ರ ಕೂರಿಸಿದ ದಿನ ಮೆಕ್ಯಾನಿಕ್ ಇವರಿಗೆ, ನೀವು ಸಾಯುವ ತನಕ ಮರೆಯದ ಮಾತೊಂದು ಹೇಳಿ, ನಿಮ್ಮ ದನಿ ಈ ಪೆಟ್ಟಿಗೆಯೊಳಗೇ ಇರುತ್ತದೆ, ಹೊರಗೆ ಹೋಗುವುದಿಲ್ಲ ಅಂದಿದ್ದ. ಇವರು ನನ್ನನ್ನು ಕೋಣೆಯಿಂದ ಆಚೆ ಕಳಿಸಿದ್ದರು. ಆಮೇಲೆ ಏನು ಹೇಳಿದಿರಿ ಅಂತ ಕೇಳಿದರೆ, “ನಿನಗ ಗೊತ್ತಿರೂದ,” ಅಂತ ನಕ್ಕಿದ್ದರು. ನನ್ನ ಕಸುಬಿನವಳಿಗೆ ಅದೊಂದು ದೊಡ್ಡ ನೆಮ್ಮದಿ ಅನ್ನಿಸಿತ್ತು, ಗುಟ್ಟು ಅಂದರೆ ಹಾಗಿರಬೇಕು ಅಂತ ಮತ್ತೆ ಕೇಳಲೇ ಇಲ್ಲ.

ಹಿಂದಿನ ವಾರವಿಡೀ ನಾನು ಅವರ ಮುಂದೆ ಕೂತು ನೂರು ಮಾತು ಕೇಳಿದ್ದೆ. ಎಲ್ಲಕ್ಕೂ ತಲೆ ಅಡ್ಡಡ್ಡ ಆಡಿಸಿದರು. ನನಗೋ ತಡೆದುಕೊಳ್ಳುವ ಸ್ವಭಾವವಿಲ್ಲ. ಅವರು ಬೇಡ ಬೇಡ ಅನ್ನುತ್ತಿದ್ದರೂ ಯಂತ್ರಕ್ಕೆ ನಮ್ಮ ಅತ್ತೆಯ ಹೆಸರು ಹೇಳಿ ನೋಡಿದೆ, ತಪ್ಪು. ಅವರ ಮೊದಲ ಮಗ್ಗದ ನಂಬರು ಹೇಳಿದೆ, ತಪ್ಪು. ಮೂರನೆಯದೂ ತಪ್ಪಿದರೆ ಆ ಬಾಗಿಲು ಪೂರ್ತಿ ಮುಚ್ಚುತ್ತದೆ. ಎರಡು ಅವಕಾಶ ಹೀಗೆ ಹಾಳು ಮಾಡಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಸೋಮವಾರ ಬೆಳಗ್ಗೆ ಹೊರಡುವ ಮುಂಚೆ ಕೊನೆಯ ಸಲ ಕೇಳಿದೆ. ಅವರು ಬಾಗಿಲ ಕಡೆ ಬೆರಳು ಮಾಡಿದರು. ಆಮೇಲೆ ಎಡಗೈಯನ್ನು ಪಕ್ಕಕ್ಕೆ ನೀಟಾಗಿ ಚಾಚಿ ಹಿಡಿದು, ನನ್ನನ್ನೇ ನೋಡಿ ನಕ್ಕರು. ಗಾಳಿ ಬರುತ್ತಿದೆಯೇನೋ ಅಂತ ನಾನು ಹೋಗಿ ಬಾಗಿಲು ಹಾಕಿದೆ. ಅವರು ಮಂಚಕ್ಕೆ ಕೈ ಬಡಿದರು. ಹಗಲು ಅವರನ್ನು ನೋಡಿಕೊಳ್ಳುವ ರೆಬೆಕ್ಕಾ ಸಿಸ್ಟರ್ ನಿವೃತ್ತ ನರ್ಸು, ಗಟ್ಟಿ ಹೆಂಗಸು. ಕೈಯಿಂದ ಹಿಚುಕಿ ಉಸಿರು ಕೊಡುವ ರಬ್ಬರಿನ ಚೀಲವನ್ನು ಆಗಲೇ ಒರೆಸಿ ಇಟ್ಟುಕೊಂಡಿದ್ದರು. ಒಂದು ತಾಸು ಹಿಚುಕಬಲ್ಲೆ, ಎರಡು ತಾಸು ಹಿಚುಕಬಲ್ಲೆ, ಒಂಬತ್ತು ದಿನ ಆಗುವುದಿಲ್ಲ ಅಂದರು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಕೇಂದ್ರದಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಪಾಳಿಯ ಮುಖ್ಯಸ್ಥ ಇಮ್ತಿಯಾಜ್ ಹೊಂಬಳ ಮಾತ್ರ ನೇರ ಬಂದು ನನ್ನ ಮುಂದೆ ಕೂತ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರದು ಒಂದೇ ಊಟದ ಡಬ್ಬಿ.

“ಮೇಡಂ, ಒಂದ ವಿನಾಯಿತಿ ಹಾಕಿಬಿಡ್ರಿ. ಒಂಬತ್ತ ದಿನದ ಮಾತು. ನಾ ಯಾರಿಗೂ ಹೇಳೂದಿಲ್ಲ.”

ನವಲಗುಂದದ ಮಾಸ್ತರೊಬ್ಬರು ತಮ್ಮ ತಾಯಿಯ ಯಂತ್ರಕ್ಕೆ ನಾಲ್ಕು ದಿನ ಕೊಡಿ ಅಂತ ಬಂದು ಕೈಮುಗಿದಿದ್ದರು. ಅವರಿಗೆ ಇಲ್ಲ ಅಂದವಳು ನಾನು. ಆ ತಾಯಿಯನ್ನು ಹೊತ್ತುಕೊಂಡು ಧಾರವಾಡದ ಆಸ್ಪತ್ರೆಗೆ ತಂದರು, ಬದುಕಿದಳು, ಅದು ಬೇರೆ ಮಾತು. ನಿಜ ಹೇಳುತ್ತೇನೆ, ಆ ಬೆಳಗ್ಗೆ ನಾನು ವಿನಾಯಿತಿಯ ಹಾಳೆ ತೆಗೆದೆ. ನಮ್ಮ ಯಂತ್ರದ ನಂಬರು ಹೊಡೆದೆ. ಗಾಜಿನ ಕೆಳಗೆ ಇನ್ನೂರ ಹನ್ನೆರಡು ಹೆಸರು ಕಾಣುತ್ತಿದ್ದವು. ಹೊಡೆದದ್ದನ್ನು ಅಳಿಸಿದೆ. ಮತ್ತೆ ಹೊಡೆದೆ, ಮತ್ತೆ ಅಳಿಸಿದೆ. ಹತ್ತೂ ಐವತ್ತಕ್ಕೆ ಹಾಳೆ ಮುಚ್ಚಿ ಎದ್ದೆ.

ಹಳೆ ಬೀಗ ತೆಗೆಯಲು ಇಬ್ಬರ ಕೀಲಿ ಬೇಕು, ಅವನದು ಮತ್ತು ನನ್ನದು. ಕೀಲಿ ಕೋಣೆಗೆ ಒಂದು ಕಟ್ಟಳೆ ಇದೆ, ನಾನೇ ಬರೆದದ್ದು. ಮೊದಲು ಒಬ್ಬರು ಒಳಗೆ ಹೋಗಬೇಕು. ಹಿಂದೆ ಬಂದವರು ತಾಯಿಯೇ ಆಗಿರಲಿ, ಆ ದಿನದ ಮಾತು ಹೇಳದೆ ಒಳಗೆ ಬಿಡಬಾರದು. ಮುಖ, ದನಿ ಎಲ್ಲವನ್ನೂ ನಕಲು ಮಾಡುವ ಕಾಲ ಇದು. ಇಮ್ತಿಯಾಜ್ ಒಳಗೆ ಹೋಗಿ ತಿರುಗಿ ನಿಂತ. ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ತೋಳು ಚಾಚಿ, “ಇವತ್ತಿನ ಮಾತು ಹೇಳ್ರಿ ಮೇಡಂ,” ಅಂದ.

ನಾನು ಆ ತೋಳನ್ನೇ ನೋಡಿದೆ. ನಮ್ಮ ಮನೆಯವರು ಬೆಳಗ್ಗೆ ಕೈ ಚಾಚಿದ್ದೂ ಹೀಗೇ. ಬಾಗಿಲು ಹಾಕು ಅಂದದ್ದಲ್ಲ, ಬಾಗಿಲು ತಡೆದದ್ದು ನೆನಪಿಸಿದ್ದು.

ಇಪ್ಪತ್ತಾರು ವರ್ಷದ ಹಿಂದೆ, ಮದುವೆಯಾಗಿ ಗಂಡನ ಮನೆ ಹೊಸ್ತಿಲ ಮುಂದೆ ನಿಂತಾಗ ನಾದಿನಿ ಕಸ್ತೂರಿ ಹೀಗೇ ಎರಡೂ ತೋಳು ಚಾಚಿ ನಿಂತಿದ್ದಳು. ನಮ್ಮ ಕಡೆ ಅದು ರೂಢಿ. ಹೊಸ ಸೊಸೆ ಗಂಡನ ಹೆಸರು ಸೇರಿಸಿ ಪ್ರಾಸ ಕೂಡಿಸಿ ಎರಡು ಸಾಲಿನ ಒಡಪು ಕಟ್ಟಿ ಹೇಳುವ ತನಕ ನಾದಿನಿ ದಾರಿ ಬಿಡುವುದಿಲ್ಲ. ಅತ್ತೆ ನನಗೆ ಬೆಳ್ಳಿ ತಟ್ಟೆ, ಮಲ್ಲಿಗೆ ಮೊಗ್ಗು ಅಂತ ಚೆಂದದ್ದೊಂದು ಕಲಿಸಿದ್ದರು. ಉಪವಾಸ, ಬಿಸಿಲು, ನಾಲ್ಕು ನೂರು ಜನ, ಅದು ಮರೆತೇ ಹೋಯಿತು. ಸಿಟ್ಟಿನಿಂದ ಬಾಯಿಗೆ ಬಂದದ್ದು ಒಂದು ಹೇಳಿದೆ. ಬೀದಿಯೇ ನಕ್ಕಿತು. ನನಗೆ ಅವಮಾನವಾಯಿತು. ಒಂದೆರಡು ವರ್ಷ ಕಸ್ತೂರಿ ಅದನ್ನು ಹೇಳಿ ಹೇಳಿ ಕಾಡಿಸುತ್ತಿದ್ದಳು, ನಾನು ಸಿಡುಕಿದ ಮೇಲೆ ಬಿಟ್ಟಳು. ಏನೋ ಹಸಿವಿನ ಮಾತು ಅಂತ ನೆನಪು. ಶಬ್ದಗಳು ಒಂದೂ ನೆನಪಿರಲಿಲ್ಲ.

ನಾಲ್ಕು ನೂರು ಜನ ಕೇಳಿದ ಮಾತನ್ನು ಯಾರಾದರೂ ಗುಟ್ಟು ಅಂತ ಇಡುತ್ತಾರೆಯೇ? ಇಡುವುದಿಲ್ಲ. ಇವರು ಇಟ್ಟಿದ್ದರು. ಅದಕ್ಕೇ ಅದು ನನ್ನ ತಲೆಗೆ ಬರಲೇ ಇಲ್ಲ.

ಆಗಲೇ ಕಸ್ತೂರಿಯ ಮನೆಗೆ ಓಡಬಹುದಿತ್ತು. ಕೀಲಿ ತಿರುಗಿಸದೆ ಓಡಿದ್ದರೆ ಹಳೆ ಬೀಗ ಒಂದು ದಿನ ಉಳಿಯುತ್ತಿತ್ತು, ಹನ್ನೆರಡರ ಅಪ್ಪಣೆ ಹೋಗುತ್ತಿತ್ತು, ಇವರ ಉಸಿರು ನಡೆಯುತ್ತಿತ್ತು. ಒಂದು ಹೆಜ್ಜೆ ಹಿಂದೆ ಇಟ್ಟದ್ದೂ ಹೌದು. ಇಮ್ತಿಯಾಜ್ ತೋಳು ಇಳಿಸಲಿಲ್ಲ, ಕರೆಯಲೂ ಇಲ್ಲ. “ಬದನೆಕಾಯಿ ನಲವತ್ತೆರಡು,” ಅಂತ ಆ ದಿನದ ಮಾತು ಹೇಳಿ ಒಳಗೆ ಹೋದೆ. ಹನ್ನೊಂದಕ್ಕೆ ಇಬ್ಬರೂ ಕೀಲಿ ತಿರುಗಿಸಿದೆವು. ಹನ್ನೊಂದೂ ಹನ್ನೆರಡಕ್ಕೆ ಪರದೆಯ ಮೇಲೆ ಹಳೆ ಬೀಗದ ಸಾಲು ಅಳಿಸಿಹೋಯಿತು. ನನ್ನ ಗಂಡನ ಗಾಳಿಯನ್ನು ನನ್ನ ಕೈಯಾರೆ ನಿಲ್ಲಿಸಿದೆ ಅನ್ನುವುದು ಆಗ ತಿಳಿಯಿತು, ಬೀದಿಗೆ ಓಡಿದೆ.

ಮದುವೆಯ ವಿಡಿಯೋ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಅದನ್ನು ಅಳಿಸಿದವಳೂ ನಾನೇ. ಹಿಂದಿನ ವರ್ಷ ಹಳೆ ಬೀಗ ಒಡೆಯುತ್ತಿದೆ ಅಂತ ಗೊತ್ತಾದ ಕೂಡಲೇ, ಜಾಲದಲ್ಲಿಟ್ಟ ಹಳೆಯದನ್ನೆಲ್ಲ ಅಳಿಸಿ ಅಂತ ಮನೆಮಂದಿಗೆಲ್ಲ ಹುಕುಂ ಮಾಡಿದ್ದೆ. ಕಸ್ತೂರಿ ಮಾತ್ರ ಒಪ್ಪಿರಲಿಲ್ಲ. ಆ ವಿಡಿಯೋದಲ್ಲಿ ಅವಳ ಅವ್ವನ, ಅಂದರೆ ನಮ್ಮ ಅತ್ತೆಯ ದನಿ ಇತ್ತು. ಅತ್ತೆ ಹೋಗಿ ಒಂಬತ್ತು ವರ್ಷ, ದನಿ ಬೇರೆಲ್ಲೂ ಉಳಿದಿರಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಅವಳ ಫೋನಿನಿಂದ ನಾನೇ ಅಳಿಸಿದೆ. ಅವತ್ತಿನಿಂದ ಅವಳು ನಮ್ಮ ಮನೆಗೆ ಬಂದಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ನನ್ನನ್ನು ‘ನೀ’ ಅನ್ನುತ್ತಿದ್ದವಳು ‘ನೀವು’ ಅನ್ನತೊಡಗಿದ್ದಳು.

ಆಟೋದಲ್ಲಿ ಕೂತು ಕಸ್ತೂರಿಗೆ ಫೋನ್ ಮಾಡಿದೆ. ವಿಷಯ ಹೇಳಿ, ಆ ಒಡಪು ಹೇಳು ಅಂದೆ.

“ಫೋನಿನ್ಯಾಗ ಯಾರ ದನಿ ಬಂದರೂ ಗುಟ್ಟು ಹೇಳಬ್ಯಾಡ ಅಂತ ಕಲಿಸಿದವರು ನಮ್ಮ ವೈನಿ, ನಮ್ಮಣ್ಣನ ಹೆಂಡತಿ,” ಅಂದಳು. “ನೀವು ವೈನಿ ಹೌದೋ ಅಲ್ಲೋ ನನಗೇನ ಗೊತ್ತು?” ಫೋನ್ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಸಿಟ್ಟು ಬರಲಿಲ್ಲ, ಹೇಗೆ ಬಂದೀತು, ಅಕ್ಷರಕ್ಷರ ನಾನೇ ಕಲಿಸಿದ ಪಾಠ.

ಹಳೇ ಹುಬ್ಬಳ್ಳಿಯಲ್ಲಿ ಅವಳ ಮನೆ. ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯಲೊಲ್ಲವು. ಆಟೋದವನಿಗೆ ಎರಡು ಸಲ ಬೈದೆ, ಅವನು ಗೇಟು ನಾನು ಹಾಕಿದ್ದೇನ್ರೀ ಅಂದ. ಅವಳ ಓಣಿ ಮುಟ್ಟಿದಾಗ ಹನ್ನೊಂದೂ ಮುಕ್ಕಾಲು.

ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು, ನಾನು ಬರುತ್ತೇನೆ ಅಂತ ಗೊತ್ತಿದ್ದವಳಂತೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಒಳಗೆ ಕರೆಯಲಿಲ್ಲ. ಎರಡೂ ಕೈ ಚೌಕಟ್ಟಿಗೆ ಆನಿಸಿಕೊಂಡಳು.

“ಕಳ್ಳರು ನೋಡ್ತಾರ ಅಂತ ಅಳಿಸಿದ್ರಿ. ಅವರ ಹತ್ರ ಅದು ಇನ್ನೂ ಇರಬಹುದು. ನಮ್ಮ ಹತ್ರ ಇಲ್ಲ.”

ಒಂದು ವರ್ಷದಿಂದ ಈ ಮಾತಿಗೆ ನನ್ನ ಬಳಿ ಹತ್ತು ಉತ್ತರ ಸಿದ್ಧವಿದ್ದವು. ಕೇಂದ್ರದಲ್ಲಿ, ಸಭೆಗಳಲ್ಲಿ ಹೇಳಿ ಚಪ್ಪಾಳೆಯನ್ನೂ ಪಡೆದಿದ್ದೆ. ಅವನ್ನೆಲ್ಲ ಬದಿಗಿಟ್ಟೆ. ಕದ್ದು ಅಳಿಸಿದ್ದು ತಪ್ಪು ಅಂದೆ. ನಿನ್ನ ಅವ್ವನ ದನಿ ಅಳಿಸುವ ಹಕ್ಕು ನನಗಿರಲಿಲ್ಲ ಅಂದೆ. ಅಳು ಬಂತು, ಓಣಿಯಲ್ಲಿ ನಿಂತೇ ಅತ್ತುಬಿಟ್ಟೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋದಳು. ಆಯಿತು, ಮುಗಿಯಿತು ಅಂದುಕೊಂಡೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಕದಕ್ಕೆ ಬೀಗ ಜಡಿದು, ಆಟೋ ಹತ್ತಿ ಕೂತಳು.

“ಏನ್ ನೋಡ್ಕೋತ ನಿಂತಿ? ಹತ್ತು.”

ದಾರಿಯಲ್ಲಿ ಒಡಪು ಹೇಳು ಅಂದರೆ ಹೇಳಲಿಲ್ಲ, ಹೇಳುವ ಜಾಗ ಇದಲ್ಲ ಅಂದಳು. ಹನ್ನೆರಡು ಹೊಡೆಯಿತು. ಮನೆಯ ಮುಂದೆ ಇಳಿಯುವಾಗ ಯಂತ್ರದ ಕೂಗು ಬೀದಿಗೇ ಕೇಳುತ್ತಿತ್ತು. ಹನ್ನೆರಡೂ ಹದಿನೈದು. ರೆಬೆಕ್ಕಾ ಸಿಸ್ಟರ್ ಚೀಲ ಕೈಯಲ್ಲಿ ಹಿಡಿದು ಮಂಚದ ಪಕ್ಕ ನಿಂತಿದ್ದರು. ಇವರ ಹಣೆ ಬೆವರಿತ್ತು. ತಂಗಿಯನ್ನು ನೋಡಿದ್ದೇ ಕಣ್ಣು ಅರಳಿದವು.

ಕಸ್ತೂರಿ ನನಗಿಂತ ಮುಂದೆ ಹೋಗಿ, ಕೋಣೆಯ ಹೊಸ್ತಿಲಲ್ಲಿ ತಿರುಗಿ, ಎರಡೂ ತೋಳು ಚಾಚಿ ನಿಂತಳು. ನನಗೆ ರೇಗಿತು. ಉಸಿರು ನಿಲ್ಲುವ ಹೊತ್ತಿನಲ್ಲಿ ಇದೇನು ಹುಡುಗಾಟ ಅಂತ ಕಿರುಚಿದೆ. ಅವಳು ಜಗ್ಗಲಿಲ್ಲ.

“ನಾ ಹೇಳಿದರ ಒಂದ ಶಬ್ದ ಹೆಚ್ಚುಕಡಿಮಿ ಆದೀತು. ಅದು ನಿನ್ನ ಬಾಯಿಂದ ಬಂದದ್ದು, ನೀನ ಹೇಳಬೇಕು. ನೆನಪ ಮಾಡ್ಕೊ. ಮುಂಜಾನಿಂದ ಒಂದ ತುತ್ತು ತಿಂದಿರಲಿಲ್ಲ ನೀ. ಅಂಗಳದಾಗ ಕಾಲು ಸುಡತಿತ್ತು. ನಾ ಹಿಂಗ ನಿಂತಿದ್ದೆ.”

ನಾನು ಅವಳ ತೋಳು ನೋಡಿದೆ. ಅದೇ ತೋಳು, ಬಳೆ ಮಾತ್ರ ಕಡಿಮೆಯಾಗಿದ್ದವು. ಅವತ್ತೂ ಹೀಗೇ ರೇಗಿತ್ತು ನನಗೆ, ಇವಳನ್ನು ನೂಕಿ ಒಳಗೆ ಹೋಗಿಬಿಡಲೇ ಅನ್ನಿಸಿತ್ತು. ಆ ಸಿಟ್ಟು ಬಂದ ಕೂಡಲೇ ಅದರ ಹಿಂದೆ ಮಾತೂ ಬಂತು.

“ಹೊಟ್ಟಿ ಹಸದೈತಿ, ಕಾಲ ಸುಡತೈತಿ ಬಿಸಲ,
ಫಕೀರೇಶನ ಹೆಸರ ಹೇಳೀನಿ, ತಗೀ ನಿನ್ನ ಬಾಗಲ!”

ಮಂಚದ ಮೇಲೆ ಇವರು ಭುಜ ಕುಲುಕಿಸಿ ನಗುತ್ತಿದ್ದರು, ಹೌದು ಹೌದು ಅಂತ ಎಡಗೈ ಬಡಿಯುತ್ತಿದ್ದರು. ಕಸ್ತೂರಿ ದಾರಿ ಬಿಟ್ಟಳು. ನಾನು ಯಂತ್ರದ ಮುಂದೆ ಬಗ್ಗಿ, ಇಪ್ಪತ್ತಾರು ವರ್ಷದಲ್ಲಿ ಮೂರನೆಯ ಸಲ, ಗಂಡನ ಹೆಸರಿನ ಆ ಒಡಪನ್ನು ಗಟ್ಟಿಯಾಗಿ ಹೇಳಿದೆ. ಕೂಗು ನಿಂತಿತು. ಹಸಿರು ದೀಪ ಹತ್ತಿತು. ‘ಮಾತು ಹೊಂದಿದೆ. ಯಂತ್ರ ಕೈನಡೆಯಲ್ಲಿದೆ. ಗುಟ್ಟು ಇಟ್ಟವರ ದನಿ ಕೇಳಿ’ ಅಂದಿತು ಯಂತ್ರ.

ಆಮೇಲೆ ಅವರ ದನಿ ಬಂತು. ಮೂರು ವರ್ಷದಿಂದ ಕೇಳದ ದನಿ. ನನ್ನದೇ ಒಡಪನ್ನು, ನನ್ನದೇ ಸಿಟ್ಟಿನ ಧಾಟಿ ಅಣಕಿಸಿ, ನಗು ತಡೆದುಕೊಳ್ಳುತ್ತಾ ಹೇಳುತ್ತಿದ್ದರು. ಅದು ಮುಗಿದ ಮೇಲೆ, ಹಿಂದಿನಿಂದ, ಪಾತ್ರೆಯ ಸದ್ದಿನ ನಡುವೆ, ಇನ್ನೊಂದು ದನಿ.

“ಏ ಹುಚ್ಚಪ್ಪ, ಅದನ್ನ ಇನ್ನೂ ನೆನಪ ಇಟ್ಟೀ? ಚಾ ಆರತೈತಿ, ಬಾ.”

ಅತ್ತೆಯದು. ಯಂತ್ರ ಕೂರಿಸಿದ ದಿನ ಅಡುಗೆಮನೆಯಲ್ಲಿ ಚಹಾ ಕಾಸುತ್ತಿದ್ದರು, ನನಗೆ ನೆನಪೇ ಇರಲಿಲ್ಲ. ಕಸ್ತೂರಿ ನೆಲದ ಮೇಲೆ ಕೂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡಳು. ಗಾಳಿ ಹೋಗಿ ಬರುವ ಸದ್ದೊಂದೇ ಕೇಳುತ್ತಿತ್ತು.

ಯಂತ್ರ ಮತ್ತೆ ಮಾತಾಡಿತು. ‘ಈ ಗುಟ್ಟು ಬಳಕೆಯಾಗಿದೆ. ಹಳೆಯ ದನಿ ಅಳಿಸಿ ಹೊಸ ಮಾತು ಇಡಬೇಕೇ? ಹೌದು ಅಥವಾ ಇಲ್ಲ ಅನ್ನಿ.’

ಒಮ್ಮೆ ಬಾಯಿಬಿಟ್ಟ ಗುಟ್ಟನ್ನು ಆ ಕ್ಷಣವೇ ಅಳಿಸಿ ಬದಲಾಯಿಸಬೇಕು. ನಮ್ಮ ಕಟ್ಟಳೆಯ ಮೊದಲ ಸಾಲು ಅದು, ಅದನ್ನೂ ಬರೆದವಳು ನಾನು. ಕಸ್ತೂರಿ ದಡಬಡಿಸಿ ಎದ್ದು ಯಂತ್ರಕ್ಕೆ ಅಡ್ಡ ನಿಂತಳು, ತೋಳು ಚಾಚಿ. ನನ್ನನ್ನೇ ನೋಡುತ್ತಿದ್ದಳು.

ನಾನು ಅವಳ ಹೆಗಲ ಮೇಲಿಂದ ಬಾಗಿ, ಹನ್ನೊಂದು ವರ್ಷದಿಂದ ಹೇಳುತ್ತ ಬಂದದ್ದನ್ನೇ ಹೇಳಿದೆ.

“ಇಲ್ಲ.”

ಕಸ್ತೂರಿ ತೋಳು ಇಳಿಸಿದಳು. ಮೂಗು ಒರೆಸಿಕೊಂಡು, ಅವ್ವನ ದನಿ ಇನ್ನೊಮ್ಮೆ ಹಚ್ಚು ಅಂದಳು.